ಮರುಭೂಮಿಯ ಕೋಟೆಗಳಿಗೆ ಮೈಸೂರಿನಿಂದ ಕುಟುಂಬ ಪ್ರವಾಸ: ಒಂದು ಪ್ಯಾಕೇಜಿನ ವಿಮರ್ಶೆ

ಮೈಸೂರಿನ ಪ್ರವಾಸ ಸಂಸ್ಥೆಯೊಂದು ಚಳಿಗಾಲದಲ್ಲಿ ನಡೆಸುವ ರಾಜಸ್ಥಾನ ಪ್ರವಾಸಕ್ಕೆ ನಾವು ಈ ಬಾರಿ ಕುಟುಂಬಸಮೇತ ಹೋಗಿದ್ದೆವು. ಮಂಡ್ಯದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಅತ್ತೆ-ಮಾವ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಹಾಗೂ ನಾವಿಬ್ಬರು ಈ ಪ್ಯಾಕೇಜನ್ನು ಆರಿಸಿಕೊಂಡದ್ದು ಅದರಲ್ಲಿ ಜೋಧಪುರ, ಜೈಸಲ್ಮೇರ್ ಮತ್ತು ಬಿಕಾನೇರ್ ಎಂಬ ಮೂರು ಮರುಭೂಮಿಯ ನಗರಗಳು ಒಟ್ಟಿಗೆ ಇದ್ದುದರಿಂದ. ವಸತಿ, ವಾಹನ ಮತ್ತು ಊಟದ ವಿಷಯದಲ್ಲಿ ಈ ಸಂಸ್ಥೆಯನ್ನು ನಂಬಬಹುದು. ಆದರೆ ಯಾವ ಕೋಟೆಗಳನ್ನು ನೋಡಲೆಂದು ಅಷ್ಟು ದೂರ ಹೋಗುತ್ತೇವೆಯೋ ಆ ಕೋಟೆಗಳಿಗೇ ಇಲ್ಲಿ ಸಮಯ ಸಾಲುವುದಿಲ್ಲ, ಮತ್ತು ಅದಕ್ಕೆ ಕಾರಣ ಪ್ರವಾಸವನ್ನು ಹೊಂದಿಸಿರುವ ರೀತಿಯಲ್ಲಿಯೇ ಇದೆ.

ಮೈಸೂರಿನಿಂದ ಅಜ್ಮೀರಕ್ಕೆ ನೇರ ರೈಲು ಇದೆಯಾದರೂ ಹಿರಿಯರನ್ನು ಅಷ್ಟು ಹೊತ್ತು ಕೂರಿಸುವುದು ಬೇಡವೆಂದು ಬೆಂಗಳೂರಿನಿಂದ ವಿಮಾನದಲ್ಲಿ ಹೋದೆವು. ಅಲ್ಲಿಂದ ಮುಂದೆ ಎಲ್ಲ ಕಡೆಗೂ ಟೆಂಪೊ ಟ್ರಾವೆಲರ್. ಜೋಧಪುರದಿಂದ ಜೈಸಲ್ಮೇರ್‌ಗೆ ಸುಮಾರು 280 ಕಿಲೋಮೀಟರ್, ಜೈಸಲ್ಮೇರ್‌ನಿಂದ ಬಿಕಾನೇರ್‌ಗೆ ಅದಕ್ಕಿಂತಲೂ ಹೆಚ್ಚು. ರಸ್ತೆ ಚೆನ್ನಾಗಿದೆ, ಚಾಲಕರು ಎಲ್ಲಿಯೂ ಅವಸರ ಮಾಡಲಿಲ್ಲ.

ನಮ್ಮ ಕಡೆಯ ಬಹುತೇಕ ಪ್ಯಾಕೇಜ್ ಪ್ರವಾಸಗಳಂತೆ ಇಲ್ಲಿಯೂ ಅಡುಗೆಯವರು ಜೊತೆಯಲ್ಲಿಯೇ ಬರುತ್ತಾರೆ. ಬೆಳಿಗ್ಗೆ ಉಪ್ಪಿಟ್ಟು ಅಥವಾ ಇಡ್ಲಿ, ಮಧ್ಯಾಹ್ನ ಅನ್ನ, ಸಾರು, ಪಲ್ಯ, ಮಜ್ಜಿಗೆ, ರಾತ್ರಿ ಚಪಾತಿ. ಸಕ್ಕರೆ ಕಾಯಿಲೆಯಿರುವ ನಮ್ಮ ಮಾವನವರಿಗೆ ಕೇಳುವ ಮೊದಲೇ ರಾಗಿಮುದ್ದೆ ಮಾಡಿಕೊಟ್ಟ ಅವರ ಕಾಳಜಿಯನ್ನು ನಾನು ಮರೆಯಲಾರೆ. ಆದರೆ ಮಧ್ಯಾಹ್ನದ ಊಟ ಪ್ರತಿದಿನವೂ ತಂಗಿದ ಹೋಟೆಲಿನಲ್ಲಿಯೇ ಆಗಬೇಕಾದ್ದರಿಂದ ಎಲ್ಲಿದ್ದರೂ ಹನ್ನೆರಡೂವರೆಗೆ ಹೊರಡಿ ಎಂಬ ಸೂಚನೆ ಬರುತ್ತಿತ್ತು, ಊಟ ಮುಗಿಸಿ ವಿಶ್ರಾಂತಿ ಪಡೆದು ಮತ್ತೆ ಹೊರಡುವಷ್ಟರಲ್ಲಿ ಮೂರು ಗಂಟೆ ದಾಟಿರುತ್ತಿತ್ತು. ಚಳಿಗಾಲದಲ್ಲಿ ಬೇಗ ಕತ್ತಲಾಗುವ ಊರುಗಳಲ್ಲಿ, ಸಂಜೆ ಐದಕ್ಕೆಲ್ಲ ಬಾಗಿಲು ಹಾಕುವ ಕೋಟೆಗಳ ಮಟ್ಟಿಗೆ, ಇದು ಅರ್ಧ ದಿನವನ್ನು ಕಳೆದುಕೊಂಡಂತೆಯೇ ಸರಿ. ದಾಲ್-ಬಾಟಿ-ಚೂರ್ಮಾ, ಕೇರ್-ಸಾಂಗ್ರಿಗಳನ್ನು ನಾವು ತಿಂದದ್ದು ಒಂದೇ ರಾತ್ರಿ, ಅದೂ ನಾವಾಗಿಯೇ ಹೊರಗೆ ಹೋಗಿ. ಮಳೆ ಅಪರೂಪವಾದ ನೆಲದಲ್ಲಿ ಒಣಗಿಸಿಟ್ಟ ಕಾಯಿಗಳಿಂದಲೇ ಇಷ್ಟು ರುಚಿಯಾದ ಪಲ್ಯ ಹುಟ್ಟಿದೆ ಎಂಬುದನ್ನು ಮಕ್ಕಳು ನಾಲಿಗೆಯಿಂದ ತಿಳಿಯಬೇಕು.

ಈ ಅವಸರದ ಬಿಸಿ ಹೆಚ್ಚಾಗಿ ತಟ್ಟಿದ್ದು ಜೋಧಪುರದ ಮೆಹ್ರಾನ್‌ಗಢದಲ್ಲಿ. 1459ರಲ್ಲಿ ರಾವ್ ಜೋಧಾ ಕಟ್ಟಿಸಲು ಆರಂಭಿಸಿದ ಈ ಕೋಟೆ ನಗರದಿಂದ ಸುಮಾರು 120 ಮೀಟರ್ ಎತ್ತರದ ಬಂಡೆಯ ಮೇಲೆ ನಿಂತಿದೆ. ಎಲ್ಲಿ ಬಂಡೆ ಮುಗಿದು ಎಲ್ಲಿ ಗೋಡೆ ಆರಂಭವಾಗುತ್ತದೆ ಎಂಬುದು ಕೆಳಗಿನಿಂದ ನೋಡಿದರೆ ಥಟ್ಟನೆ ಗೊತ್ತಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜೈಪುರದ ಸೇನೆ ಹಾರಿಸಿದ ಫಿರಂಗಿಯ ಗುಂಡುಗಳು ಬಿದ್ದ ಗುಳಿಗಳು ಒಂದು ದ್ವಾರದ ಪಕ್ಕದ ಗೋಡೆಯಲ್ಲಿ ಇಂದಿಗೂ ಇವೆ. ಮೇಲಕ್ಕೆ ಹೋದಂತೆ ದಾರಿ ಥಟ್ಟನೆ ತಿರುಗಿ ಲೋಹಾ ಪೋಲ್ ಎಂಬ ಬಾಗಿಲಿಗೆ ಬಂದು ಸೇರುತ್ತದೆ. ಆನೆಗಳು ಓಡಿಬಂದು ಬಾಗಿಲನ್ನು ಗುದ್ದಲು ಬೇಕಾದ ವೇಗ ಸಿಗಬಾರದೆಂದೇ ಆ ತಿರುವು, ಬಾಗಿಲಿನಲ್ಲಿ ಕಬ್ಬಿಣದ ಮುಳ್ಳುಗಳು. ಅದರ ಪಕ್ಕದ ಗೋಡೆಯಲ್ಲಿ ಸತಿ ಹೋದ ರಾಣಿಯರ ಅಂಗೈ ಗುರುತುಗಳಿವೆ. ಕುಂಕುಮ ಹಚ್ಚಿದ, ತೀರಾ ಚಿಕ್ಕ ಅಂಗೈಗಳು. ನಮ್ಮ ಮಗಳು ತನ್ನ ಕೈಯನ್ನು ಅವುಗಳ ಮುಂದೆ ಗಾಳಿಯಲ್ಲಿ ಹಿಡಿದು ಅಳತೆ ನೋಡಿ, “ಇವರನ್ನ ಯಾರೂ ಬೇಡ ಅನ್ನಲಿಲ್ವಾ?” ಎಂದು ಕೇಳಿದಳು. ಕೋಟೆಯ ಸ್ಥಳೀಯ ಮಾರ್ಗದರ್ಶಿ ಆ ಪ್ರಶ್ನೆಯನ್ನು ತೇಲಿಸಿಬಿಡದೆ, ಅದು ಕ್ರೂರ ಪದ್ಧತಿಯಾಗಿತ್ತೆಂದೂ ಕಾನೂನು ಅದನ್ನು ನಿಷೇಧಿಸಿದೆಯೆಂದೂ ಮಗುವಿಗೆ ಅರ್ಥವಾಗುವಂತೆ ಹೇಳಿದರು. ಶೌರ್ಯದ ಕಥೆಗಳನ್ನಷ್ಟೇ ಹೇಳಿ ಮುಗಿಸುವ ಮಾರ್ಗದರ್ಶಿಗಳ ನಡುವೆ ಇಂಥವರು ಸಿಕ್ಕಿದ್ದು ನಮ್ಮ ಪುಣ್ಯ.

ಮೈಸೂರಿನವರು ಈ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಬಿಡದೆ ನೋಡಬೇಕಾದದ್ದು ಅಂಬಾರಿಗಳ ಕೋಣೆ. ದಸರೆಯ ಜಂಬೂಸವಾರಿಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಕಂಡು ಬೆಳೆದ ಕಣ್ಣಿಗೆ ಇಲ್ಲಿಯ ಅಂಬಾರಿಗಳು ಬೇರೆಯದೇ ಸಂಗತಿ ಹೇಳುತ್ತವೆ. ನಮ್ಮದು ಚಾಮುಂಡೇಶ್ವರಿಯ ಮೂರ್ತಿಯನ್ನು ಕೂರಿಸುವ ಮಂಟಪವಾದರೆ, ಇಲ್ಲಿನವು ಮುಂದೆ ರಾಜ, ಹಿಂದೆ ಅವನ ಸೇವಕ ಅಥವಾ ಅಂಗರಕ್ಷಕ ಕುಳಿತುಕೊಳ್ಳುವಂತೆ ಎರಡು ಭಾಗಗಳಾಗಿ ಮಾಡಿದ ಆಸನಗಳು. ಶಹಜಹಾನನು ಮಹಾರಾಜ ಜಸ್ವಂತ್ ಸಿಂಗ್‌ನಿಗೆ ಕೊಟ್ಟ ಬೆಳ್ಳಿಯ ಅಂಬಾರಿಯೂ ಅವುಗಳಲ್ಲಿದೆ. ಅತ್ತೆಯವರು ಅದರ ಮುಂದಿನಿಂದ ಕದಲಲು ಒಪ್ಪಲಿಲ್ಲ, ಆದರೆ ಊಟದ ಹೊತ್ತು ಬಂದಿತ್ತು. ಹೂವಿನ ಮಹಲ್, ಕನ್ನಡಿ ಮಹಲ್‌ಗಳನ್ನು ನಾವು ನಡೆಯುತ್ತಲೇ ನೋಡಿದೆವು. ಮೇಲಕ್ಕೆ ಹೋಗಲು ಹಣ ಕೊಟ್ಟು ಬಳಸಬಹುದಾದ ಲಿಫ್ಟ್ ಇರುವುದರಿಂದ ಮಂಡಿನೋವಿನವರು ಈ ಕೋಟೆಯನ್ನು ಬಿಡಬೇಕಾಗಿಲ್ಲ. ಈ ವಿಷಯವನ್ನು ಸಂಸ್ಥೆಯವರು ಮೊದಲೇ ಹೇಳಬೇಕಾಗಿತ್ತು.

ಜೈಸಲ್ಮೇರ್‌ನ ಕೋಟೆ ಇದಕ್ಕೆ ತದ್ವಿರುದ್ಧ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ, 99 ಬುರುಜುಗಳಿರುವ, ಹಳದಿ ಮರಳುಗಲ್ಲಿನ ಈ ಕೋಟೆಯೊಳಗೆ ಇಂದಿಗೂ ಜನವಸತಿ ಇದೆ. ಬಾಗಿಲಲ್ಲಿ ಕುಳಿತು ಸೊಪ್ಪು ಸೋಸುವ ಅಜ್ಜಿ, ಶಾಲೆಯ ಚೀಲ ಹೊತ್ತ ಮಕ್ಕಳು, ದಾರಿಗಡ್ಡವಾಗಿ ಮಲಗಿದ ಹಸು ಎಲ್ಲವೂ ರಾಜರ ಅರಮನೆಯ ನೆರಳಿನಲ್ಲಿಯೇ. ಮನೆಗಳ ಮತ್ತು ಹೋಟೆಲುಗಳ ಬಳಕೆಯ ನೀರು ನೆಲಕ್ಕೆ ಇಂಗಿ ಗುಡ್ಡವನ್ನು ಸಡಿಲಗೊಳಿಸುತ್ತಿರುವುದು ಈ ಕೋಟೆಯ ದೊಡ್ಡ ಸಂಕಟ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 1996ರಲ್ಲಿಯೇ ಇದನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತ್ತು. ನಮ್ಮ ಸಂಸ್ಥೆ ಕೋಟೆಯ ಹೊರಗಿನ ಹೋಟೆಲಿನಲ್ಲಿ ವಸತಿ ಏರ್ಪಡಿಸಿದ್ದು ಅತ್ಯಂತ ಸರಿಯಾದ ತೀರ್ಮಾನ, ಮತ್ತು ಒಳಗೇ ತಂಗಬೇಕೆಂದು ಆಸೆಪಡುವವರು ಈ ಕಾರಣವನ್ನು ದಯವಿಟ್ಟು ಯೋಚಿಸಬೇಕು. ಆದರೆ ಕೋಟೆಯೊಳಗಿನ ಜೈನ ಬಸದಿಗಳಿಗೆ ಪ್ರವಾಸಿಗರನ್ನು ಸಾಮಾನ್ಯವಾಗಿ ಬೆಳಗಿನ ಹೊತ್ತು ಮಾತ್ರ ಬಿಡುತ್ತಾರೆ. ಆ ಬೆಳಿಗ್ಗೆ ನಮ್ಮನ್ನು ಚರ್ಮದ ಚೀಲ ಮತ್ತು ರಜಾಯಿ ಮಾರುವ ಅಂಗಡಿಯೊಂದರಲ್ಲಿ ಕೂರಿಸಿ, ಊಟದ ನಂತರ ಕೋಟೆಗೆ ಕರೆದೊಯ್ದರು. ಶ್ರವಣಬೆಳಗೊಳಕ್ಕೆ ವರ್ಷವರ್ಷವೂ ಹೋಗಿಬರುವ ಹಿರಿಯರೊಬ್ಬರು ನಮ್ಮ ತಂಡದಲ್ಲಿದ್ದರು. ಅವರು ಮುಚ್ಚಿದ ಬಾಗಿಲಿನ ಹೊರಗಿನಿಂದಲೇ ಕೈಮುಗಿದು ಹಿಂದಿರುಗಬೇಕಾಯಿತು. ಇದನ್ನು ನಾನು ಸಣ್ಣ ಲೋಪವೆಂದು ಭಾವಿಸುವುದಿಲ್ಲ.

ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಸಮ್ ಮರಳುದಿಬ್ಬಗಳಲ್ಲಿ ಡೇರೆಯ ವಾಸ. ಒಂಟೆ ಸವಾರಿ ಮಕ್ಕಳಿಗೆ ಖುಷಿ ಕೊಟ್ಟಿತು. ಸಂಜೆ ಮಾಂಗಣಿಯಾರ್ ಗಾಯಕರು ಕಮಾಯಿಚಾ ಎಂಬ ತಂತಿವಾದ್ಯವನ್ನು ನುಡಿಸಲು ಕುಳಿತಾಗ ಆ ನಾದಕ್ಕೆ ಮೈ ಜುಮ್ಮೆಂದಿತು, ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಅವರನ್ನು ಎಬ್ಬಿಸಿ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಾಕಿದರು. ತಲೆತಲಾಂತರದಿಂದ ಕಲಿತು ಬಂದ ಕಲಾವಿದರಿಗೆ ಕನಿಷ್ಠ ಒಂದು ಗಂಟೆಯಾದರೂ ಬಿಟ್ಟುಕೊಡಿ ಎಂದು ಪ್ರವಾಸ ಸಂಸ್ಥೆಗಳು ಡೇರೆಯವರಿಗೆ ಕರಾರು ಹಾಕಬಹುದು.

ಬಿಕಾನೇರ್‌ನ ಜುನಾಗಢ ಗುಡ್ಡದ ಮೇಲಿನ ಕೋಟೆಯಲ್ಲ, ಬಯಲಿನ ಕೋಟೆ. ರಾಜಾ ರಾಯ್ ಸಿಂಗ್ ಕಾಲದಲ್ಲಿ, 1589ರಿಂದ 1594ರ ನಡುವೆ ಕಟ್ಟಿದ್ದು. ಏರು ಕಡಿಮೆಯಿರುವುದರಿಂದ ಹಿರಿಯರಿಗೆ ಮೂರರಲ್ಲಿಯೂ ಇದೇ ಸುಲಭ. ಇಲ್ಲಿಯ ಬಾದಲ್ ಮಹಲ್‌ನ ಗೋಡೆಗಳ ತುಂಬ ನೀಲಿ ಮೋಡಗಳು, ಅವುಗಳ ನಡುವೆ ಮಿಂಚು, ಕೆಳಗೆ ಸುರಿಯುವ ಮಳೆಯ ಗೆರೆಗಳು. ಇದೇ ಸಂಸ್ಥಾನದ ಮಹಾರಾಜ ಗಂಗಾ ಸಿಂಗ್ 1927ರಲ್ಲಿ ಸಟ್ಲೆಜ್ ನದಿಯ ನೀರನ್ನು ಗಂಗ್ ಕಾಲುವೆಯ ಮೂಲಕ ಮರುಭೂಮಿಗೆ ತಂದರೆಂಬುದನ್ನು ಮಾರ್ಗದರ್ಶಿ ವಿವರಿಸಿದಾಗ, ಕೋಟೆಗಳಲ್ಲಿ ಅಷ್ಟಾಗಿ ಮಾತಾಡದಿದ್ದ ನಮ್ಮ ಮಾವನವರು ನನ್ನ ಕಡೆ ತಿರುಗಿ, “ವಿಶ್ವೇಶ್ವರಯ್ಯ ನಾಲೆ ಬರೋಕೆ ಮುಂಚೆ ನಮ್ ಸೀಮೇನೂ ಮಳೆ ನಂಬ್ಕೊಂಡೇ ಇದ್ದಿದ್ದು ಕಣವ್ವ” ಎಂದರು. ಆಮೇಲೆ ಮಾರ್ಗದರ್ಶಿಯನ್ನು ಬಿಡದೆ, ಮೊಮ್ಮಗನಿಂದ ಹಿಂದಿಯಲ್ಲಿ ಹೇಳಿಸಿ, ಅಲ್ಲಿ ಏನು ಬೆಳೆಯುತ್ತಾರೆ, ನೀರನ್ನು ಹೇಗೆ ಸರದಿಯಲ್ಲಿ ಬಿಡುತ್ತಾರೆ ಎಂದೆಲ್ಲ ವಿಚಾರಿಸಿದರು.

ಮುಂಗಡ ಕೊಡುವ ಮುನ್ನ ನಮ್ಮ ಮೈಸೂರು-ಮಂಡ್ಯದ ಕುಟುಂಬಗಳು ಕೆಲವು ವಿಷಯಗಳನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ಜೋಧಪುರ ಮತ್ತು ಜೈಸಲ್ಮೇರ್‌ಗಳಲ್ಲಿ ಕೋಟೆಯ ದಿನ ಬುತ್ತಿ ಕಟ್ಟಿಕೊಡಬೇಕು. ಮೊಸರನ್ನ, ಚಪಾತಿ ಇದ್ದರೆ ಸಾಕು, ಯಾರೂ ಹಸಿದಿರುವುದಿಲ್ಲ. ಅಂಗಡಿಗಳ ಭೇಟಿ ಸಂಜೆಗೆ ಇರಲಿ, ಅದೂ ಇಷ್ಟವಿದ್ದವರಿಗೆ ಮಾತ್ರ. ಪ್ರವೇಶ ಶುಲ್ಕ, ಲಿಫ್ಟ್ ಮತ್ತು ಮಾರ್ಗದರ್ಶಿಯ ಖರ್ಚು ಪ್ಯಾಕೇಜಿನಲ್ಲಿ ಸೇರಿದೆಯೇ ಎಂಬುದನ್ನು ಕೇಳಿ, ನಮಗೆ ಅವು ಸೇರಿರಲಿಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅಲ್ಲಿಯ ಚಳಿ ಮಡಿಕೇರಿಯ ಚಳಿಗಿಂತ ಒಣ ಮತ್ತು ತೀಕ್ಷ್ಣ. ಹಿರಿಯರಿಗೆ ಉಣ್ಣೆಯ ಟೋಪಿ, ಕಾಲುಚೀಲ ಬೇಕೇ ಬೇಕು. ಊರಿಗೆ ಮರಳಿದ ಮೇಲೆ ಈ ಎಲ್ಲವನ್ನೂ ಸಂಸ್ಥೆಯ ಕಚೇರಿಗೆ ಹೋಗಿ ತಿಳಿಸಿದೆ. ವ್ಯವಸ್ಥಾಪಕರು ಗಮನವಿಟ್ಟು ಕೇಳಿ, ಮುಂದಿನ ತಂಡದಿಂದ ಜೈಸಲ್ಮೇರ್‌ನ ಕೋಟೆಯನ್ನು ಬೆಳಿಗ್ಗೆಯೇ ತೋರಿಸುವುದಾಗಿ ಒಪ್ಪಿಕೊಂಡರು. ಬುತ್ತಿಯ ವಿಷಯಕ್ಕೆ ಅಡುಗೆಯವರನ್ನು ಕೇಳಬೇಕು ಎಂದರು.