ಸೂಪರ್ ಮೀಟಿಯೊರ್ 650: ಎದುರಿನಿಂದ ಒಂದು ಬೈಕು, ಬದಿಯಿಂದ ಇನ್ನೊಂದು

ನನ್ನ ಭಾವ ತಮ್ಮ ಹೊಸ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯೊರ್ 650 ಬೈಕನ್ನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಹೋಟೆಲೊಂದರ ಎದುರು ಮೊದಲ ಬಾರಿಗೆ ನಿಲ್ಲಿಸಿದ ದಿನ ನಾನೂ ಜೊತೆಗಿದ್ದೆ. ನಮ್ಮೂರಲ್ಲಿ ಹೊಸ ಬೈಕು ಕಂಡವರು ಕೇಳುವ ಮೊದಲ ಪ್ರಶ್ನೆ ಮೈಲೇಜಿನದು, ಎರಡನೆಯದು ಬೆಲೆಯದು. ಅಂದು ಎರಡನ್ನೂ ಯಾರೂ ಕೇಳಲಿಲ್ಲ. ಚಹಾದ ಗ್ಲಾಸು ಹಿಡಿದುಕೊಂಡು ಸುತ್ತ ಸೇರಿದ ಆರೇಳು ಮಂದಿ ನೇರವಾಗಿ ಅದರ ರೂಪದ ವಿಚಾರಕ್ಕೇ ಇಳಿದರು. ದಿನಾ ಬುಲೆಟ್ ಓಡಿಸುವ ಕುಂಬಳೆಯ ಗೆಳೆಯನಿಗೆ ಅದರಲ್ಲಿ ರಾಜಗಾಂಭೀರ್ಯ ಕಂಡಿತು. ಅವನ ಮಲಯಾಳಿ ಸಹೋದ್ಯೋಗಿಗೆ ಅದೇ ಬೈಕು, ಆ ಕಂಪನಿಯ ಚಿಕ್ಕ ಬೈಕಾದ ಮೀಟಿಯೊರ್ 350 ಊದಿಕೊಂಡಂತೆ ತೋರಿತು. ಮೂರು ದಶಕಗಳಿಂದ ಬೈಕು ರಿಪೇರಿ ಮಾಡಿಕೊಂಡು ಬಂದಿರುವ ಹಿರಿಯರೊಬ್ಬರು ಮಾತ್ರ ಏನೂ ಹೇಳದೆ ಕುಕ್ಕರುಗಾಲಲ್ಲಿ ಕುಳಿತು ಟ್ಯಾಂಕಿನ ಕೆಳಗೆ ಇಣುಕಿ, ಎದ್ದು ಒಂದು ಸುತ್ತು ಬಂದು, ಕೊನೆಗೆ ತಮ್ಮ ತೀರ್ಪು ಕೊಟ್ಟರು: ‘ಎದುರಿನಿಂದ ಅರಸು, ಹಿಂದಿನಿಂದ ಪಾತ್ರೆ ಮಾರುವವ, ಮಾರಾಯ್ರೇ.’

ಆಮೇಲೆ ಎರಡು ತಿಂಗಳ ಕಾಲ ಬಿಡುವು ಸಿಕ್ಕಾಗಲೆಲ್ಲ ಈ ಬೈಕನ್ನು ಓಡಿಸಿದ್ದೇನೆ, ಅದಕ್ಕಿಂತ ಹೆಚ್ಚಾಗಿ ನಿಂತು ನೋಡಿದ್ದೇನೆ. ನೋಡುತ್ತ ಹೋದಂತೆ ಆ ಹಿರಿಯರು ಟ್ಯಾಂಕಿನ ಕೆಳಗೇ ಏಕೆ ಮೊದಲು ಇಣುಕಿದರು ಎಂಬುದು ನನಗೆ ಸ್ಪಷ್ಟವಾಗತೊಡಗಿತು. ಈ ವಿಮರ್ಶೆ ಹೆಚ್ಚುಪಾಲು ಅದರ ಬಗ್ಗೆಯೇ ಇದೆ. ಓಟದ ಗುಣಗಳನ್ನು ರೂಪಕ್ಕೆ ಸಂಬಂಧಪಟ್ಟಷ್ಟು ಮಾತ್ರ ಹೇಳುತ್ತೇನೆ.

ಅಂಕಿಅಂಶಗಳನ್ನು ಬೇಗ ಮುಗಿಸಿಬಿಡೋಣ. 2022ರ ನವೆಂಬರಿನಲ್ಲಿ ಇಟಲಿಯ ಮಿಲಾನ್‌ನ ಐಕ್ಮಾ ಬೈಕು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕ್ರೂಸರ್ (ತಗ್ಗಾದ ಸೀಟಿನಲ್ಲಿ ಒರಗಿ ಕೂತು ಓಡಿಸುವ ಬಗೆಯ ಬೈಕು) 2023ರ ಜನವರಿಯಲ್ಲಿ 3.49 ಲಕ್ಷ ರೂಪಾಯಿಯ ಆರಂಭಿಕ ಎಕ್ಸ್ ಶೋರೂಮ್ ಬೆಲೆಯೊಂದಿಗೆ ಭಾರತದ ಮಾರುಕಟ್ಟೆಗೆ ಬಂತು. ಇದೇ ಕಂಪನಿಯ ಇಂಟರ್‌ಸೆಪ್ಟರ್ ಮತ್ತು ಕಾಂಟಿನೆಂಟಲ್ ಜಿಟಿಗಳಲ್ಲಿ ಇರುವ 648 ಸಿಸಿಯ ಎರಡು ಸಿಲಿಂಡರಿನ, ಗಾಳಿ ಮತ್ತು ಆಯಿಲ್‌ನಿಂದ ತಣಿಯುವ ಎಂಜಿನ್ನೇ ಇದರಲ್ಲೂ ಇದೆ. ಶಕ್ತಿ ಸುಮಾರು 47 ಪಿಎಸ್, ಟಾರ್ಕ್ 52.3 ಎನ್‌ಎಂ. ತೂಕ 241 ಕಿಲೋ, ಸೀಟಿನ ಎತ್ತರ 740 ಮಿ.ಮೀ., ಟ್ಯಾಂಕಿಗೆ 15.7 ಲೀಟರ್ ಪೆಟ್ರೋಲು ಹಿಡಿಯುತ್ತದೆ. ಮುಂದೆ 19 ಇಂಚಿನ, ಹಿಂದೆ 16 ಇಂಚಿನ ಅಲಾಯ್ ಚಕ್ರಗಳಿವೆ. ಆಸ್ಟ್ರಲ್, ಇಂಟರ್‌ಸ್ಟೆಲ್ಲರ್, ಸೆಲೆಸ್ಟಿಯಲ್ ಎಂಬ ಮೂರು ಬಗೆಗಳಲ್ಲಿ ಕೊನೆಯದಕ್ಕೆ ಎದುರಿನ ಗಾಳಿತಡೆಯೂ ಹಿಂದೆ ಕೂರುವವರಿಗೆ ಬೆನ್ನಿಗಾಸರೆಯೂ ಬರುತ್ತವೆ.

ಇನ್ನು ಜಗಳದ ಮೂಲಕ್ಕೆ ಬರುತ್ತೇನೆ. ಕ್ರೂಸರ್ ಎಂದರೆ ಹೀಗಿರಬೇಕು ಎಂಬ ಚಿತ್ರವನ್ನು ನಮ್ಮ ಕಣ್ಣಿಗೆ ಕೂರಿಸಿದ್ದು ಅಮೆರಿಕದ ಬೈಕುಗಳು. ಹಾರ್ಲೆ-ಡೇವಿಡ್‌ಸನ್‌ನ ದೊಡ್ಡ ಬೈಕುಗಳಲ್ಲಿ ಎರಡು ಸಿಲಿಂಡರುಗಳು 45 ಡಿಗ್ರಿ ಕೋನದಲ್ಲಿ ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ವಾಲಿಕೊಂಡಿರುತ್ತವೆ. ಆ ವಿ-ಟ್ವಿನ್ ಅನ್ನು ಬದಿಯಿಂದ ನೋಡಿದರೆ ಟ್ಯಾಂಕಿನ ಕೆಳಗಿನ ಜಾಗವೆಲ್ಲ ತುಂಬಿರುತ್ತದೆ, ಎರಡು ಸಿಲಿಂಡರುಗಳೂ ಕಣ್ಣಿಗೆ ಬೀಳುತ್ತವೆ. ಸೂಪರ್ ಮೀಟಿಯೊರ್‌ನಲ್ಲಿ ಇರುವುದು ಪ್ಯಾರಲಲ್ ಟ್ವಿನ್. ಅಂದರೆ ಅದರ ಎರಡು ಸಿಲಿಂಡರುಗಳು ಜೋಡೆತ್ತಿನಂತೆ ಅಕ್ಕಪಕ್ಕ ನಿಂತಿವೆ. ಬದಿಯಿಂದ ನೋಡುವವನಿಗೆ ಒಂದು ಮಾತ್ರ ಕಾಣುತ್ತದೆ, ಮತ್ತೊಂದು ಅದರ ಹಿಂದೆ ಅಡಗಿರುತ್ತದೆ. ಸೈಲೆನ್ಸರಿನ ಕಥೆಯೂ ಅದೇ. ಬಲಕ್ಕೊಂದು, ಎಡಕ್ಕೊಂದು ಉದ್ದದ ಕೊಳವೆ ಇರುವುದರಿಂದ ಯಾವ ಬದಿಯಲ್ಲಿ ನಿಂತರೂ ಕಾಣುವುದು ಒಂದೇ. ಹೀಗಾಗಿ ರಸ್ತೆಯ ಆಚೆ ಬದಿಯಲ್ಲಿ ನಿಂತ ಬೈಕನ್ನು ಈಚೆಯಿಂದ ನೋಡಿದಾಗ ಒಂದು ಸಿಲಿಂಡರ್, ಒಂದು ಕೊಳವೆ, ಹನಿಯಾಕಾರದ ಟ್ಯಾಂಕ್, ತಗ್ಗಾದ ಸೀಟು ಇಷ್ಟೇ ಕಣ್ಣಿಗೆ ದಕ್ಕುತ್ತವೆ. 2020ರಲ್ಲಿ ಬಂದ ಮೀಟಿಯೊರ್ 350ರ ಬಾಹ್ಯರೇಖೆಯೂ ಬಹುಮಟ್ಟಿಗೆ ಇದೇ ಆಗಿರುವುದರಿಂದ ಆ ಮಲಯಾಳಿ ಗೆಳೆಯ ಹೇಳಿದ್ದರಲ್ಲಿ ಅಸೂಯೆಯೇನೂ ಇರಲಿಲ್ಲ. ಅವನು ರಸ್ತೆಯ ಆಚೆಯಿಂದ ದಾಟಿ ಬಂದವನು, ಅಷ್ಟೆ.

ಅದೇ ಬೈಕಿನ ಎದುರಿಗೆ ಹೋಗಿ ನಿಂತರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಎಂಜಿನ್ನಿನ ಅಗಲ ಟ್ಯಾಂಕಿನ ಎರಡೂ ಬದಿಗೆ ಇಣುಕುತ್ತದೆ, ಎರಡು ಎಕ್ಸಾಸ್ಟ್ ಕೊಳವೆಗಳು ಫ್ರೇಮಿನ ಅಕ್ಕಪಕ್ಕದಲ್ಲಿ ಬಾಗಿ ಕೆಳಗಿಳಿಯುತ್ತವೆ, ನಡುವೆ ಆಯಿಲ್ ಕೂಲರ್ ಚಿಕ್ಕದಾಗಿ ಕುಳಿತಿದೆ. ರೇಡಿಯೇಟರ್ ಇಲ್ಲದಿರುವುದು ಇಲ್ಲಿ ದೊಡ್ಡ ಲಾಭ. ನೀರಿನಿಂದ ತಣಿಯುವ ಎಂಜಿನ್ನಿನ ಬೈಕುಗಳಲ್ಲಿ ಎದೆಗೆ ಕಟ್ಟಿದ ಹಲಗೆಯಂತೆ ಅದು ಎದುರಿನ ನೋಟವನ್ನು ಮುಚ್ಚಿಬಿಡುತ್ತದೆ. 43 ಮಿ.ಮೀ. ದಪ್ಪದ ಶೋವಾ ಅಪ್‌ಸೈಡ್ ಡೌನ್ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ, ದಪ್ಪ ಭಾಗ ಮೇಲಿರುವ ಜೋಡಿ ಕೊಳವೆ) ರಾಯಲ್ ಎನ್‌ಫೀಲ್ಡ್ ಬೈಕುಗಳಲ್ಲಿ ಇದಕ್ಕೇ ಮೊದಲು ಬಂದದ್ದು. ಕ್ರೂಸರಿಗೆ ಇಂಥ ಫೋರ್ಕ್ ಹೊಂದುವುದಿಲ್ಲ, ಇದು ಯಕ್ಷಗಾನದ ತೆಂಕಿನ ವೇಷಕ್ಕೆ ಬಡಗಿನ ಮುಂಡಾಸು ಕಟ್ಟಿದ ಹಾಗಾಯಿತು ಎಂದು ಕುಂಬಳೆಯ ಗೆಳೆಯ, ಬೈಕನ್ನು ಅಷ್ಟು ಹೊಗಳಿದವನೇ, ಈ ಒಂದು ವಿಷಯದಲ್ಲಿ ಮಾತ್ರ ಮುಖ ತಿರುಗಿಸಿದ. ನನಗೆ ಹಾಗನ್ನಿಸಲಿಲ್ಲ. ಅಗಲವಾದ ಎಂಜಿನ್ನಿನ ಎದುರು ಸಪೂರ ಫೋರ್ಕ್ ಇದ್ದಿದ್ದರೆ ಕಂಬದಂಥ ಮೈಗೆ ಕಡ್ಡಿಯಂಥ ಕಾಲು ಜೋಡಿಸಿದಂತಾಗುತ್ತಿತ್ತು. ಈಗ ಗುಂಡಗಿನ ಎಲ್‌ಇಡಿ ಹೆಡ್‌ಲೈಟಿನಿಂದ ಚಕ್ರದವರೆಗೆ ಒಂದೇ ತೂಕ ಇಳಿದುಬಂದಿದೆ.

ಇಲ್ಲಿ ಹೆಸರಿನ ಇತಿಹಾಸವನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ‘ಪ್ಯಾರಲಲ್ ಟ್ವಿನ್ ಹಾಕಿ ಕ್ರೂಸರ್ ಎನ್ನುವುದು ಮೋಸ’ ಎಂದು ವಾದಿಸುವವರು ಅದನ್ನು ಮರೆಯುತ್ತಾರೆ. ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿ ರಾಯಲ್ ಎನ್‌ಫೀಲ್ಡ್ 1950ರ ದಶಕದಲ್ಲಿ ಮೀಟಿಯೊರ್, ಆಮೇಲೆ ಸೂಪರ್ ಮೀಟಿಯೊರ್ ಎಂಬ ಹೆಸರಿನಲ್ಲಿ ಮಾಡಿದ ಬೈಕುಗಳಲ್ಲಿ ಇದ್ದದ್ದೂ 692 ಸಿಸಿಯ ಪ್ಯಾರಲಲ್ ಟ್ವಿನ್ನೇ. ಆದ್ದರಿಂದ ಎಂಜಿನ್ನು ಹೆಸರಿಗೆ ನಿಷ್ಠವಾಗಿದೆ. ಹೊಸದಾಗಿ ತೊಟ್ಟದ್ದು ವೇಷ ಮಾತ್ರ. ಆ ಹಳೆಯ ಬೈಕು ಈಗಿನ ಅರ್ಥದಲ್ಲಿ ಕ್ರೂಸರ್ ಆಗಿರಲಿಲ್ಲ, ನೆಟ್ಟಗೆ ಕೂತು ಓಡಿಸುವ ದೂರದೂರಿನ ಗಾಡಿಯಾಗಿತ್ತು. ಮತ್ತೊಂದು ತಮಾಷೆಯೆಂದರೆ ಈಗಿನ ಎಂಜಿನ್ನಿನ ಕ್ರ್ಯಾಂಕನ್ನು (ಪಿಸ್ಟನ್ನುಗಳು ತಿರುಗಿಸುವ ದಂಡವನ್ನು) 270 ಡಿಗ್ರಿಗೆ ಹೊಂದಿಸಿರುವುದರಿಂದ ಅದರ ಸಿಡಿತದ ಲಯ 90 ಡಿಗ್ರಿಯ ವಿ-ಟ್ವಿನ್‌ನದೇ ಆಗಿದೆ. ಕಣ್ಣು ಮುಚ್ಚಿ ಕೇಳಿದರೆ ಅದು ವಿ-ಟ್ವಿನ್, ಕಣ್ಣು ತೆರೆದರೆ ಪ್ಯಾರಲಲ್. ಆಟದ ಹಿಂದಿನ ಚೌಕಿಯಲ್ಲಿ ಅರ್ಧ ಬಣ್ಣ ಹಚ್ಚಿ ಕುಳಿತ ವೇಷಧಾರಿಯ ಬಾಯಿಂದ ರಾವಣನ ಸ್ವರ ಹೊರಟಾಗ ಆಗುವ ಗಲಿಬಿಲಿ ಇಲ್ಲಿಯೂ ಸ್ವಲ್ಪ ಆಗುತ್ತದೆ.

ಹಿಂಭಾಗದ ವಿಚಾರದಲ್ಲಿ ನಾನು ರಿಪೇರಿಯ ಹಿರಿಯರ ಪಕ್ಷ. ಬದಿಯಿಂದ ಕಾಣದ ಎರಡನೆಯ ಸಿಲಿಂಡರಿನ ಕೊರತೆಯನ್ನು ತುಂಬಿಸಲೋ ಎಂಬಂತೆ ವಿನ್ಯಾಸಕಾರರು ಮಿಕ್ಕೆಲ್ಲವನ್ನೂ ಉಬ್ಬಿಸಿದ್ದಾರೆ. 150 ಮಿ.ಮೀ. ಅಗಲದ ಟೈರು, ಅದನ್ನು ಅಪ್ಪಿಕೊಂಡ ದುಂಡನೆಯ ಮಡ್‌ಗಾರ್ಡು, ಅದರ ಮೇಲೆ ಗುಂಡಗಿನ ದೀಪ, ಇಕ್ಕೆಲಗಳಲ್ಲಿ ಚಕ್ರವನ್ನು ದಾಟಿ ಬರುವಂತೆ ಕಾಣುವ ಕೊಳವೆಗಳು. ಒಂದೊಂದನ್ನೇ ಬೇರೆ ಬೇರೆಯಾಗಿ ನೋಡಿದರೆ ತಪ್ಪು ಹೇಳುವಂತಿಲ್ಲ. ಒಟ್ಟಿಗೆ ನೋಡಿದಾಗ ಕಣ್ಣಿಗೆ ನಿಲ್ಲಲು ಎಡೆಯೇ ಸಿಗದೆ, ಎರಡೂ ಕೈಯಲ್ಲಿ ಚರಿಗೆ ನೇತುಹಾಕಿಕೊಂಡು ಬೆನ್ನ ಮೇಲೆ ಕೊಪ್ಪರಿಗೆ ಹೊತ್ತವನ ನೆನಪಾಗುವುದು ಸಹಜ. ಹಾಗಿದ್ದರೂ ಮಡ್‌ಗಾರ್ಡಿನ ಪರವಾಗಿ ಒಂದು ಮಾತು ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಯ್ಯುವ, ಮಣ್ಣೆಲ್ಲ ಕೆಂಪು ರಾಡಿಯಾಗುವ ಕಾಸರಗೋಡಿನಂಥ ಊರಲ್ಲಿ, ಬೆನ್ನಿಗೆ ಕೆಸರಿನ ಗೆರೆ ಎಳೆಯುವ ತುಂಡು ಮಡ್‌ಗಾರ್ಡಿನ ಬೈಕಿಗಿಂತ ಇದು ಎಷ್ಟೋ ಮೇಲು. ಬೆಂಗಳೂರಿನಿಂದ ಬಂದ ತಂಗಿಯ ಮಗ ಅದನ್ನು ಕತ್ತರಿಸಿ ಬಾಬರ್ (ಮೊಟಕು ಮಡ್‌ಗಾರ್ಡಿನ ಬೈಕು) ಮಾಡಿಸೋಣ ಎಂದಾಗ ಭಾವ ಅವನನ್ನು ಅಡಿಕೆ ತೋಟದ ದಾರಿಯಲ್ಲಿ ನಡೆಸಿಕೊಂಡು ಹೋಗಿ ಬಂದರು. ಮರಳಿ ಬಂದ ಮೇಲೆ ಅವನು ಆ ಮಾತೆತ್ತಲಿಲ್ಲ.

ಹ್ಯಾಂಡಲಿನ ಮೇಲೆ ದೊಡ್ಡ ಮೀಟರಿನ ಮಗ್ಗುಲಿಗೆ ದಾರಿ ತೋರಿಸುವ ಟ್ರಿಪ್ಪರ್‌ನ ಪುಟ್ಟ ವೃತ್ತವಿದೆ. ಇದು ಅಂದವೋ ಅವಲಕ್ಷಣವೋ ಎಂಬ ಬಗ್ಗೆ ಬಿಸಿಬಿಸಿ ಚರ್ಚೆ ಕೇಳಿದ್ದೇನೆ. ನನಗೆ ಅದು ದೊಡ್ಡ ವಿಷಯವಾಗಿ ತೋರಲಿಲ್ಲ. ತಿರುಗಿಸುವ ಸ್ವಿಚ್ಚುಗಳು, ಬೆರಳಿಗೆ ತಕ್ಕಂತೆ ಹೊಂದಿಸಬಹುದಾದ ಬ್ರೇಕ್ ಮತ್ತು ಕ್ಲಚ್ ಲಿವರುಗಳು, ಬಣ್ಣದ ಅಂಚು ಕೂಡುವಲ್ಲಿನ ಅಚ್ಚುಕಟ್ಟು ಇವೆಲ್ಲ ಹತ್ತಿರದಿಂದ ನೋಡಿದಷ್ಟೂ ಸಮಾಧಾನ ಕೊಡುತ್ತವೆ.

ತಗ್ಗಾದ ಸೀಟು ಮತ್ತು ಮುಂದಕ್ಕೆ ಚಾಚಿದ, ಕಾಲಿಡುವ ಕಡ್ಡಿಗಳಿಂದ ಬರುವ ಆ ‘ಒರಗಿ ಕೂತ’ ಭಂಗಿಗೆ ತೆರಬೇಕಾದ ಬೆಲೆಯೂ ಇದೆ. ಇದೇ ಕಂಪನಿಯ ಕ್ಲಾಸಿಕ್ 350ರ ಸೀಟು 805 ಮಿ.ಮೀ. ಎತ್ತರದಲ್ಲಿದ್ದರೆ ಇದರದು 740. ಗಿಡ್ಡ ಕಾಲಿನ ನನ್ನಂಥವನಿಗೆ ಇದು ವರದಾನ. ಅತ್ತೆ ಮೊದಲ ಸಲ ಹಿಂದೆ ಕೂತಾಗ ‘ಏಣಿ ಬೇಡದ ಬೈಕು’ ಎಂದು ಸರ್ಟಿಫಿಕೇಟು ಕೊಟ್ಟರು. ಆದರೆ ನೆಲದಿಂದ ಹೊಟ್ಟೆಗಿರುವ ಅಂತರವೂ ಕ್ಲಾಸಿಕ್‌ನ 170 ಮಿ.ಮೀ.ಗೆ ಬದಲು 135 ಮಿ.ಮೀ. ಮಾತ್ರ, ಹಿಂದಿನ ಸಸ್ಪೆನ್ಷನ್ನು ಮೇಲೆ ಕೆಳಗೆ ಆಡುವ ದೂರ 101 ಮಿ.ಮೀ. ತಲಪಾಡಿಯಿಂದ ದಕ್ಷಿಣಕ್ಕೆ ಅಗಲಗೊಂಡ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಪೆರ್ಲ, ಬಾಯಾರಿನ ಕಡೆ ಪಂಚಾಯತು ರಸ್ತೆಗಳಲ್ಲಿ ಮನಸ್ಸಿಗೆ ಬಂದಂತೆ ಹಾಕಿದ ಹಂಪುಗಳನ್ನು ಕಂಡಾಗ ನಿಧಾನಿಸಿ ದಾಟುವುದೇ ಲೇಸು. ಹಿಂದೆ ನನ್ನಲ್ಲಿದ್ದ ಬೇರೊಂದು ತಗ್ಗಿನ ಬೈಕಿನ ಅಡಿಯನ್ನು ಇಂಥದೇ ಹಂಪಿನಲ್ಲಿ ಉಜ್ಜಿಕೊಂಡ ಅನುಭವ ನನಗಿದೆ; ಅವಸರ ನನ್ನದು, ಬೈಕಿನದಲ್ಲ. ಎರಡೂ ಬದಿಗೆ ಮುರಕಲ್ಲಿನ ಪಾಗಾರ ಇರುವ ಓಣಿಯಲ್ಲಿ 241 ಕಿಲೋದ ಬೈಕನ್ನು ತಿರುಗಿಸುವಾಗ ಸೀಟಿನ ತಗ್ಗು ಕೈಹಿಡಿಯುತ್ತದೆ, ಹ್ಯಾಂಡಲಿನ ಅಗಲ ಕೈಕೊಡುತ್ತದೆ.

ಕೊಳ್ಳುವವರಿಗೆ ಒಂದು ಸಲಹೆ. ರೂಪ ಒಪ್ಪಲಿಲ್ಲವೆಂದು ಹೊರಗಿನ ಅಂಗಡಿಗಳಲ್ಲಿ ತಕ್ಷಣ ತಿದ್ದಿಸಲು ಹೋಗಬೇಡಿ. ಪಕ್ಕದ ನಗರವೊಂದರ ಅಂಗಡಿಯಲ್ಲಿ ಭಾವ ಎಂಜಿನ್ ಗಾರ್ಡು ಹಾಕಿಸಿಕೊಂಡು ಬಂದರು. ಅಂಗಳದಲ್ಲಿ ನಿಲ್ಲಿಸಿ ಎದುರಿನಿಂದ ನೋಡಿದರೆ ಎಡಭಾಗ ಬಲಕ್ಕಿಂತ ಒಂದು ಬೆರಳು ಕೆಳಗೆ. ಬೇರೆ ಬೈಕಿನಲ್ಲಾದರೆ ಯಾರಿಗೂ ಗೊತ್ತಾಗದ ವ್ಯತ್ಯಾಸವದು. ಅಕ್ಕಪಕ್ಕದ ಸಮತೋಲದಲ್ಲೇ ಚೆಲುವನ್ನೆಲ್ಲ ಇಟ್ಟುಕೊಂಡ ಬೈಕಿನ ಎದುರಿಗೆ ಅದು ಓರೆಯಾಗಿ ಇಟ್ಟ ಬೊಟ್ಟಿನಂತೆ ಕಾಣುತ್ತಿತ್ತು. ಬಿಚ್ಚಿಸಿ ಮತ್ತೆ ಹಾಕಿಸಲು ಒಂದು ದಿನ ಹೋಯಿತು. ಸೈಲೆನ್ಸರ್ ಬದಲಿಸುವ ಆಲೋಚನೆಯಂತೂ ಬೇಡವೇ ಬೇಡ. ಕಾನೂನಿನ ಮಾತು ಹಾಗಿರಲಿ, ಬದಿಯ ನೋಟದಲ್ಲಿ ಬೈಕಿನ ಉದ್ದವನ್ನು ಹಿಡಿದಿಟ್ಟಿರುವುದೇ ಆ ಕೊಳವೆ.

ಹಿಂಭಾಗ ಸುತರಾಂ ಒಪ್ಪದವರಿಗೆ ಅದೇ ಎಂಜಿನ್ನಿನ ಶಾಟ್‌ಗನ್ 650 ಇದೆ. 2024ರ ಜನವರಿಯಲ್ಲಿ ಬಂದ ಆ ಬೈಕಿನಲ್ಲಿ ಹಿಂದಿನ ಸೀಟನ್ನು ಕಳಚಿಡಬಹುದು, ಚಕ್ರಗಳು 18 ಮತ್ತು 17 ಇಂಚಿನವು, ಸೀಟು 795 ಮಿ.ಮೀ. ಎತ್ತರದಲ್ಲಿದೆ. ಅದರ ಬಾಲ ಚೊಕ್ಕವಾಗಿದೆ, ನಿಜ. ಆದರೆ ಟ್ಯಾಂಕು 13.8 ಲೀಟರಿನದು. ಅತ್ತೆಯನ್ನು ಕೂರಿಸಿಕೊಂಡು ಮಧೂರಿನ ದೇವಸ್ಥಾನಕ್ಕೆ ಹೋಗುವ ಮನೆಯಲ್ಲಿ ಅದು ಆಯ್ಕೆಯೇ ಅಲ್ಲ. ಒಬ್ಬರೇ ಓಡಾಡುವವರು ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಲಿ. ಶೋರೂಮಿನಲ್ಲಿ ಸಾಮಾನ್ಯವಾಗಿ ಬೈಕುಗಳನ್ನು ಸಾಲಾಗಿ ಒತ್ತಿ ನಿಲ್ಲಿಸಿರುವುದರಿಂದ ಬದಿಯ ನೋಟವೇ ಸಿಗುವುದಿಲ್ಲ. ಹೊರಗೆ ತರಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡುವುದು ಒಳ್ಳೆಯದು.

ಅಡಿಕೆ ಹರವಿರುವ ಈ ದಿನಗಳಲ್ಲಿ ಭಾವನ ಮನೆಯ ಅಂಗಳದಲ್ಲಿ ಬೈಕಿಗೆ ಉಳಿದಿರುವುದು ತುಳಸಿಕಟ್ಟೆಯ ಪಕ್ಕದ ಒಂದು ಮೂಲೆ. ಒಳಗೆ ನುಗ್ಗಿಸಿ ಬಿಟ್ಟುಬಿಟ್ಟರೆ ಕೆಲಸ ಸಲೀಸು. ಆದರೆ ಅವರು ಪ್ರತಿ ಸಂಜೆ ಬೆವರು ಸುರಿಸಿ, ನಾಲ್ಕು ಸಲ ಹಿಂದೆ ಮುಂದೆ ತಳ್ಳಿ, ಮೋರೆ ಗೇಟಿನ ಕಡೆಗೆ ಬರುವಂತೆ ತಿರುಗಿಸಿಯೇ ಸ್ಟ್ಯಾಂಡ್ ಹಾಕುತ್ತಾರೆ. ಹಿಂಭಾಗ ಗೋಡೆಗೆ.