ಓವರಿ ಆಪರೇಶನ್‌ಗೆ ಸಹಿ ಹಾಕುವ ಮೊದಲು ಎಎಂಎಚ್ ಪರೀಕ್ಷೆ ಮಾಡಿಸಿ

ಓವರಿಯಲ್ಲಿ, ಅಂದರೆ ಅಂಡಾಶಯದಲ್ಲಿ, ಗಡ್ಡೆ ಇದೆ, ತೆಗೆಸಬೇಕು ಅಂತ ನಿಮಗೆ ಹೇಳಿದ್ದಾರಾ? ಮುಂದೆ ಮಗು ಬೇಕು ಅನ್ನುವ ಆಸೆ ಇದೆಯಾ? ಹಾಗಿದ್ದರೆ ಆಪರೇಶನ್ ದಿನ ಗೊತ್ತು ಮಾಡುವ ಮೊದಲೇ ಎಎಂಎಚ್ ಎಂಬ ರಕ್ತ ಪರೀಕ್ಷೆ ಮಾಡಿಸಿ. ಓವರಿಯಲ್ಲಿ ಸುಮಾರು ಎಷ್ಟು ಅಂಡ ಉಳಿದಿದೆ ಎಂದು ಅದರಿಂದ ಅಂದಾಜು ಸಿಗುತ್ತದೆ. ನನಗೆ ಇದನ್ನು ಯಾರೂ ಹೇಳಲಿಲ್ಲ. ಶಿರಸಿ, ಕುಮಟಾ ಕಡೆಯ ಇನ್ನೊಬ್ಬ ಹುಡುಗಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ನನಗೆ ಮುಟ್ಟಿನ ಹೊಟ್ಟೆನೋವು ತಡೆಯಲಾರದಷ್ಟು ಇತ್ತು. ಸ್ಕ್ಯಾನಿಂಗ್ ಮಾಡಿದಾಗ ಎರಡೂ ಓವರಿಯಲ್ಲಿ ಚಾಕೊಲೇಟ್ ಸಿಸ್ಟ್ ಕಂಡಿತು. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ) ಇದ್ದವರಿಗೆ ಆಗುವ, ಹಳೇ ರಕ್ತ ತುಂಬಿಕೊಂಡ ಗಡ್ಡೆ ಅದು. "ಸಣ್ಣ ಆಪರೇಶನ್, ತೂತು ಮಾಡಿ ತೆಗೆಯುವುದು ಅಷ್ಟೇ" ಎಂದರು ಡಾಕ್ಟರು. "ಮುಂದೆ ಮಕ್ಕಳಾಗಲು ಏನೂ ತೊಂದರೆ ಇಲ್ಲ ಅಲ್ವಾ ಡಾಕ್ಟ್ರೇ?" ಎಂದು ನನ್ನ ಅತ್ತೆಯೇ ಕೇಳಿದರು. "ಏನಿಲ್ಲಮ್ಮ, ತೆಗೆದರೆ ಬೇಗ ಗರ್ಭ ನಿಲ್ಲುತ್ತದೆ" ಎಂಬ ಉತ್ತರ ಬಂತು. ಮಾತು ಅಲ್ಲಿಗೇ ಮುಗಿಯಿತು.

ಅವರು ಹೇಳಬೇಕಾಗಿದ್ದದ್ದು ಇದು. ಚಾಕೊಲೇಟ್ ಸಿಸ್ಟ್‌ನ ಗೋಡೆ ಓವರಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹಲಸಿನ ತೊಳೆ ಬಿಡಿಸುವಾಗ ಸುತ್ತಲಿನದೂ ಕಿತ್ತು ಬರುವ ಹಾಗೆ, ಅದನ್ನು ಸುಲಿಯುವಾಗ ಅಂಡ ಇರುವ ಒಳ್ಳೆಯ ಭಾಗವೂ ಸ್ವಲ್ಪ ಬರುತ್ತದೆ. ರಕ್ತ ನಿಲ್ಲಿಸಲು ಸುಟ್ಟರೆ ಆ ಬಿಸಿಯೂ ಪೆಟ್ಟು ಕೊಡುತ್ತದೆ. ಹೋದ ಅಂಡ ಮತ್ತೆ ಹುಟ್ಟುವುದಿಲ್ಲ. ಎರಡೂ ಕಡೆ ಮಾಡಿದರೆ ನಷ್ಟ ಜಾಸ್ತಿ. ಐವಿಎಫ್‌ಗೆ (ಅಂಡವನ್ನು ಹೊರಗೆ ತೆಗೆದು ಲ್ಯಾಬಿನಲ್ಲಿ ವೀರ್ಯದ ಜೊತೆ ಸೇರಿಸುವ ಚಿಕಿತ್ಸೆ) ಮೊದಲು, ಗರ್ಭ ನಿಲ್ಲಲಿ ಎಂಬ ಒಂದೇ ಕಾರಣಕ್ಕೆ ಇಂಥ ಸಿಸ್ಟನ್ನು ಎಲ್ಲರಿಗೂ ತೆಗೆಯುವುದು ಬೇಡ ಎಂದು ಯುರೋಪಿನ ಬಂಜೆತನ ತಜ್ಞರ ಸಂಘ 2022ರ ಮಾರ್ಗಸೂಚಿಯಲ್ಲಿ ಹೇಳಿದೆ.

ಆಪರೇಶನ್ನೇ ಬೇಡ ಅಂತ ನಾನು ಹೇಳುತ್ತಿಲ್ಲ. ಗಡ್ಡೆ ತಿರುಚಿಕೊಂಡರೆ, ಕ್ಯಾನ್ಸರ್ ಅನುಮಾನ ಇದ್ದರೆ, ಔಷಧಿಗೂ ನೋವು ಬಗ್ಗದಿದ್ದರೆ ಮಾಡಿಸಲೇಬೇಕಾಗಬಹುದು. ತಿರುಚಿಕೊಂಡದ್ದಕ್ಕಂತೂ ಕಾಯುವಂತೆಯೇ ಇಲ್ಲ. ಆದರೆ ಅವಸರ ಇಲ್ಲದಿದ್ದರೆ, ಮೊದಲು ಅಂಡ ತೆಗೆದು ಫ್ರೀಜ್ ಮಾಡಿಡುವ ದಾರಿ ಇದೆಯಾ ಎಂದು ಕೇಳಿ. ಬರೀ ನೀರಿನ ಗುಳ್ಳೆಯಾದರೆ ಎರಡು ಮೂರು ತಿಂಗಳಲ್ಲಿ ಅದಾಗೇ ಹೋಗುವುದೂ ಉಂಟು.

ಆಪರೇಶನ್ ಆದ ಮೇಲೆ "ಒಂದು ವರ್ಷ ಪ್ರಯತ್ನ ಮಾಡಿ, ಆಮೇಲೆ ಬನ್ನಿ" ಎಂದು ಕಳಿಸಿದರು. ನನಗೆ ಹೆಚ್ಚು ಸಿಟ್ಟು ಇರುವುದು ಈ ಮಾತಿನ ಮೇಲೆ. ಒಂದು ವರ್ಷದ ಲೆಕ್ಕ 35 ದಾಟದ, ಬೇರೆ ತೊಂದರೆ ಇಲ್ಲದವರಿಗೆ. 35 ದಾಟಿದರೆ ಆರೇ ತಿಂಗಳು. ಎಂಡೊಮೆಟ್ರಿಯೋಸಿಸ್ ಇದ್ದು ಓವರಿಗೆ ಕತ್ತರಿ ಬಿದ್ದವರು ಅಷ್ಟೂ ಕಾಯದೆ ಬಂಜೆತನದ ತಜ್ಞರನ್ನು ಕಾಣಬೇಕು. ನಮ್ಮ ಮನೆಯಲ್ಲಿ ಆ ಸಮಯವೆಲ್ಲ ಇಡಗುಂಜಿಗೆ ಹರಕೆ, ಯಾರೋ ಹೇಳಿದ ನಾಟಿ ಔಷಧಿ ಅಂತ ಸುಮ್ನೆ ಕಳೆಯಿತು.

ಕೊನೆಗೆ ಹುಬ್ಬಳ್ಳಿಗೆ ಹೋದೆವು. ಅಲ್ಲಿನ ಡಾಕ್ಟರು ಕೇಳಿದ್ದು ಎರಡೇ: ಆಪರೇಶನ್‌ಗೆ ಮೊದಲು ಎಎಂಎಚ್ ಎಷ್ಟಿತ್ತು? ಆಪರೇಶನ್ ನೋಟ್ಸ್ ಎಲ್ಲಿ? ನಮ್ಮ ಹತ್ತಿರ ಎರಡೂ ಇರಲಿಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ಸಿಸ್ಟ್ ತೆಗೆಯಲಾಗಿದೆ ಎಂಬ ಒಂದು ಸಾಲು. ಬಯಾಪ್ಸಿ ರಿಪೋರ್ಟ್ ಕೇಳಿದರೆ ಹಳೇ ಆಸ್ಪತ್ರೆಯವರು "ಸಿಗುತ್ತಿಲ್ಲ" ಎಂದರು. ಈಗಿನ ಎಎಂಎಚ್ ತೀರಾ ಕಡಿಮೆ ಬಂದಿದೆ. ಮೊದಲೇ ಕಡಿಮೆ ಇತ್ತೋ, ಆಪರೇಶನ್‌ನಿಂದ ಇಳಿಯಿತೋ, ಹೇಳಲು ಯಾವ ಆಧಾರವೂ ಇಲ್ಲ.

ದಾಖಲೆ ಕೊಡುವುದು ಅವರ ಉಪಕಾರ ಅಲ್ಲ. 2002ರ ವೈದ್ಯ ಮಂಡಳಿ ನಿಯಮದ ಪ್ರಕಾರ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ತೆಗೆದುಕೊಳ್ಳಿ. ಯಾವ ಕಡೆಯ ಓವರಿ, ಎಷ್ಟು ತೆಗೆದರು, ಟ್ಯೂಬ್ (ಅಂಡ ಗರ್ಭಕೋಶಕ್ಕೆ ಸಾಗುವ ನಾಳ) ಹೇಗಿತ್ತು, ಅಂಟಿಕೊಂಡಿತ್ತಾ, ಇವೆಲ್ಲ ಆ ನೋಟ್ಸ್‌ನಲ್ಲಿ ಇರಬೇಕು.

ಎಎಂಎಚ್ ಕಡಿಮೆ ಬಂದರೆ ಮಗು ಆಗುವುದೇ ಇಲ್ಲ ಅಂತಲ್ಲ. ಅದು ಅಂಡದ ಸಂಖ್ಯೆಯ ಮಾತು, ಗುಣದ್ದಲ್ಲ. ಆ ಒಂದು ಅಂಕಿ ತೋರಿಸಿ ಹೆದರಿಸಿ, ಅವತ್ತೇ ಐವಿಎಫ್ ಪ್ಯಾಕೇಜಿಗೆ ದುಡ್ಡು ಕಟ್ಟಿಸುವವರಿದ್ದರೆ ಎದ್ದು ಬನ್ನಿ. ಐವಿಎಫ್‌ನಂಥ ಚಿಕಿತ್ಸೆಗಳಿಗಾಗಿ ಇರುವ 2021ರ ಕಾಯ್ದೆಯಂತೆ ನೋಂದಣಿ ಆದ ಕ್ಲಿನಿಕ್ಕೇ ಹೌದಾ ನೋಡಿ. ಗಂಡನ ವೀರ್ಯ ಪರೀಕ್ಷೆಯನ್ನೂ ಮೊದಲೇ ಮಾಡಿಸಿ. ನಮ್ಮಲ್ಲಿ ಎಲ್ಲ ಪರೀಕ್ಷೆ ಹೆಂಗಸಿಗೇ ಆಗಿ, ಅದು ಕೊನೆಗೆ ಉಳಿಯುತ್ತದೆ.

ಇನ್ನೊಂದು ವಿಷಯ, ದೂರದ ಹಳ್ಳಿಯವರಿಗೆ ಮುಖ್ಯವಾಗಿ. ಮುಟ್ಟು ನಿಂತು ಟೆಸ್ಟ್ ಪಾಸಿಟಿವ್ ಬಂದರೆ ಬೇಗ ಡಾಕ್ಟರಿಗೆ ತಿಳಿಸಿ, ಆರು ಏಳು ವಾರಕ್ಕೇ ಸ್ಕ್ಯಾನಿಂಗ್ ಮಾಡಿಸಿ. ಎಂಡೊಮೆಟ್ರಿಯೋಸಿಸ್ ಇದ್ದವರಿಗೆ ಗರ್ಭ ಟ್ಯೂಬಿನಲ್ಲಿ ನಿಲ್ಲುವ ಅಪಾಯ ಸ್ವಲ್ಪ ಹೆಚ್ಚು. ಒಂದೇ ಬದಿ ಹೊಟ್ಟೆನೋವು, ರಕ್ತ ಕಾಣುವುದು, ತಲೆ ಸುತ್ತುವುದು ಆದರೆ ಬೆಳಗಾಗಲಿ ಅಂತ ಕಾಯಬೇಡಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವಾಗ ಬಂದ್ ಆಗುತ್ತದೆ ಹೇಳಲಾಗದು. ರಾತ್ರಿಯಾದರೂ ಆಪರೇಶನ್ ಮಾಡಬಲ್ಲ ಆಸ್ಪತ್ರೆ ನಿಮಗೆ ಯಾವುದು ಹತ್ತಿರ ಎಂದು ಮೊದಲೇ ವಿಚಾರಿಸಿಡಿ.