ಯಮಹಾ ಡಿಎಕ್ಸ್7: ಎಂಬತ್ತರ ದಶಕದ ‘ಪ್ಲಾಸ್ಟಿಕ್’ ದನಿಯ ಪರವಾಗಿ

ಎಂಬತ್ತರ ದಶಕದ ಪಾಪ್ ಹಾಡು ಇಷ್ಟ ಅಂದರೆ ಸಾಕು, ‘ಅದಾ? ಬರೀ ಪ್ಲಾಸ್ಟಿಕ್’ ಎಂದು ಮೂಗು ಮುರಿಯುವವರು ಸಿಕ್ಕೇ ಸಿಗುತ್ತಾರೆ. ಅವರು ಬೈಯುವುದು ನಿಧಾನಗತಿಯ ಪ್ರೇಮಗೀತೆಗಳಲ್ಲಿ ಕೇಳಿಬರುವ ಆ ಗಾಜಿನಂಥ ಪಿಯಾನೊ ದನಿಯನ್ನು. ಅದರ ಮೂಲ 1983ರಲ್ಲಿ ಮಾರುಕಟ್ಟೆಗೆ ಬಂದ ಯಮಹಾ ಡಿಎಕ್ಸ್7 ಎಂಬ ಡಿಜಿಟಲ್ ಸಿಂಥಸೈಜರ್ (ಸಿಂಥ್), ಅಂದರೆ ವಿದ್ಯುನ್ಮಾನವಾಗಿ ದನಿ ಹುಟ್ಟಿಸುವ ಕೀಬೋರ್ಡ್ ವಾದ್ಯ. ಇವತ್ತಿಗೆ ಇದು ಸೆಕೆಂಡ್ ಹ್ಯಾಂಡ್ ಮಾತ್ರ. ಕೊಳ್ಳಬೇಕೇ ಎನ್ನುವ ಪ್ರಶ್ನೆಗೂ ಆ ದನಿಯನ್ನು ಮೆಚ್ಚಬಹುದೇ ಎನ್ನುವ ಪ್ರಶ್ನೆಗೂ ಉತ್ತರ ಇದರ ಕೀಲಿಗಳಲ್ಲೇ ಇದೆ.

ಅದಕ್ಕೂ ಮೊದಲು ಎಲ್ಲರೂ ಹೊಗಳುವ ಪ್ರಾಫೆಟ್-5, ಜುಪಿಟರ್-8ರಂಥ ಆ ಕಾಲದ ಅನಲಾಗ್ ಸಿಂಥ್‌ಗಳನ್ನು, ಅಂದರೆ ಲೆಕ್ಕಾಚಾರದ ಬದಲು ವಿದ್ಯುತ್ ಮಂಡಲಗಳಿಂದಲೇ ದನಿ ಹುಟ್ಟಿಸುವವುಗಳನ್ನು ನೋಡಿ. ಅವುಗಳ ಕೀಲಿಯನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ಒಂದೇ ದನಿ. ಡಿಎಕ್ಸ್7 ಹಾಗಲ್ಲ. ಬೆರಳಿನ ವೇಗಕ್ಕೆ ತಕ್ಕಂತೆ ಸದ್ದಿನ ಮಟ್ಟ ಮಾತ್ರವಲ್ಲ, ಅದರ ಬಣ್ಣವೇ ಬದಲಾಗುತ್ತದೆ. ಜೀವವಿಲ್ಲದ್ದು ಎಂದು ಹೀಗಳೆಯುವ ಯಂತ್ರವೇ ನುಡಿಸುವವರ ಕೈಗೆ ಹೆಚ್ಚು ಓಗೊಡುತ್ತಿತ್ತು!

ಇದನ್ನು ಎರಡೇ ನಿಮಿಷದಲ್ಲಿ ಪರೀಕ್ಷಿಸಬಹುದು. ಯಂತ್ರದಲ್ಲಿ ಕಾರ್ಖಾನೆಯಲ್ಲೇ ತುಂಬಿಸಿದ ದನಿಗಳೇ ಇದ್ದರೆ 11ನೆಯದನ್ನು, ಅಂದರೆ ‘ಇ. ಪಿಯಾನೊ 1’ ಅನ್ನು ಆರಿಸಿ ‘ಎಡಿಟ್’ ಒತ್ತಿ. ಪರದೆಯ ಮೇಲೆ 111111 ಎಂದು ಕಾಣುವ ಆರು ಅಂಕಿಗಳೇ ಆರು ಆಪರೇಟರುಗಳು. ಒಂದೊಂದೂ ಒಂದು ಸೈನ್ ಅಲೆಯನ್ನು, ಅಂದರೆ ಒಂದೇ ಆವರ್ತನದ ನಯವಾದ ಅಲೆಯನ್ನು ಹುಟ್ಟಿಸುತ್ತದೆ. ಒಂದು ಅಲೆ ಇನ್ನೊಂದರ ಆವರ್ತನವನ್ನು ಅಲುಗಿಸಿದಾಗ ಹೊಸ ಸ್ವರಾಂಶಗಳು ಹುಟ್ಟುತ್ತವೆ. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ಎಫ್‌ಎಂ (ಫ್ರೀಕ್ವೆನ್ಸಿ ಮಾಡ್ಯುಲೇಶನ್) ಸಂಶ್ಲೇಷಣೆ ಇದೇ. ಆಪರೇಟರುಗಳನ್ನು ಒಂದಕ್ಕೊಂದು ಜೋಡಿಸುವ ಬಗೆಗೆ ಇಲ್ಲಿ ಆಲ್ಗರಿದಮ್ ಎನ್ನುತ್ತಾರೆ. ಈ ದನಿ ಬಳಸುವುದು 5ನೆಯದನ್ನು, ಅಂದರೆ ಮೂರು ಜೋಡಿ. ಮೊದಲ ಜೋಡಿಯಲ್ಲಿ 2ನೇ ಆಪರೇಟರು 1ನೆಯದಕ್ಕಿಂತ 14 ಪಟ್ಟು ಆವರ್ತನದಲ್ಲಿ ಕಂಪಿಸುತ್ತದೆ. ಈಗ 2ನೇ ಗುಂಡಿ ಒತ್ತಿ. ಪರದೆ 101111 ಆಗುತ್ತದೆ, ಸ್ವರದ ಆರಂಭದಲ್ಲಿದ್ದ ‘ಟಿಣ್’ ಮಾಯವಾಗಿ ಮೆತ್ತಗಿನ ಮಂದ ದನಿಯಷ್ಟೇ ಉಳಿಯುತ್ತದೆ. ಮತ್ತೆ ಒತ್ತಿ ವಾಪಸ್ ತಂದು, ಒಂದೇ ಕೀಲಿಯನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ನುಡಿಸಿ. ಮೆಲ್ಲಗೆ ನುಡಿಸಿದಾಗ ಟಿಣ್ ಅಡಗಿರುತ್ತದೆ, ಜೋರಾದಾಗ ಮೇಲೆದ್ದು ಬರುತ್ತದೆ. ಹಾಡುಗಾರರ ದನಿ ಏರುವಲ್ಲಿ ವಾದ್ಯವೂ ಮಿನುಗುತ್ತಿದ್ದುದು ಹೀಗೆ. ಆ ಹೊಳಪು ಹೆಚ್ಚಾಯಿತು ಅನಿಸಿದರೆ 2ನೇ ಆಪರೇಟರಿನ ಔಟ್‌ಪುಟ್ ಲೆವೆಲ್ಲನ್ನು 58ರಿಂದ 50ರ ಆಸುಪಾಸಿಗೆ ಇಳಿಸಿ. ಅದರ ಆವರ್ತನದ ಅನುಪಾತವನ್ನು 14.00ರಿಂದ 3.50ಕ್ಕೆ ತಂದರೆ ಅದೇ ಪಿಯಾನೊ ಗಂಟೆಯ ಕಡೆಗೆ ವಾಲುತ್ತದೆ.

ದೂರು ಪೂರ್ತಿ ಸುಳ್ಳು ಎಂದೇನಲ್ಲ. ಇದರ ತಂತಿವಾದ್ಯದ ದನಿಗಳು ಪೇಲವ, ಹಿತ್ತಾಳೆ ವಾದ್ಯದ್ದು ತೆಳು. ಆರು ಆಪರೇಟರುಗಳು, ಪ್ರತಿಯೊಂದಕ್ಕೂ ಅದು ಕಾಲಕ್ಕೆ ತಕ್ಕಂತೆ ಏರಿಳಿಯುವುದನ್ನು ಹೇಳುವ ನಾಲ್ಕು ದರ, ನಾಲ್ಕು ಮಟ್ಟ. ಇಷ್ಟನ್ನೂ ತಿದ್ದಲು ಇರುವುದು ಒಂದು ಸ್ಲೈಡರ್, ಬೆಳಕಿಲ್ಲದ ಎರಡು ಸಾಲಿನ ಪರದೆ. ಇಂಥದ್ದರಲ್ಲಿ ಹೊಸ ದನಿ ಕಟ್ಟುವ ತಾಳ್ಮೆ ಕೆಲವರಿಗಷ್ಟೇ ಇತ್ತು. ಉಳಿದವರೆಲ್ಲ ಕಾರ್ಖಾನೆಯ ದನಿಗಳನ್ನೇ ಹಾಡಿನ ಮೇಲೆ ಹಾಡಿಗೆ ಸುರಿದರು. ಕಿವಿ ದಣಿದದ್ದು ಆ ಪುನರಾವರ್ತನೆಗೆ. ಅದಕ್ಕೆ ದನಿಯನ್ನೇಕೆ ದೂರಬೇಕು?

ಕೊಳ್ಳುವವರು ಮೊದಲು ನೋಡಬೇಕಾದ್ದು ಬ್ಯಾಟರಿ. ದನಿಗಳ ನೆನಪನ್ನು ಹಿಡಿದಿಡುವುದು ಒಳಗೆ ಬೆಸುಗೆ ಹಾಕಿರುವ 3 ವೋಲ್ಟಿನ ಲಿಥಿಯಂ ಸೆಲ್. ‘ಫಂಕ್ಷನ್’ ಒತ್ತಿ 14ನೇ ಗುಂಡಿ ಒತ್ತಿದರೆ ಅದರ ವೋಲ್ಟೇಜ್ ಕಾಣುತ್ತದೆ. ಸೆಲ್ ಸತ್ತಿದ್ದರೆ ದನಿಗಳ ಜಾಗದಲ್ಲಿ ಕಸದಂಥ ಸದ್ದು ಬರುತ್ತದೆ. ಹೆದರಬೇಕಿಲ್ಲ, ಚೌಕಾಸಿಗೆ ಒಳ್ಳೆಯ ನೆಪ ಅಷ್ಟೇ. ಹಳೆಯದನ್ನು ಬಿಡಿಸಿ, ಸೆಲ್ ಕೂರಿಸುವ ಹೋಲ್ಡರ್ ಬೆಸೆಸಿಬಿಟ್ಟರೆ ಮುಂದಿನ ಸಲ ಬೆಸುಗೆಯ ಗೊಡವೆ ಇರದು. ಬಳಿಕ ದನಿಗಳನ್ನು ಮತ್ತೆ ತುಂಬಿಸಲು ‘ಮೆಮೊರಿ ಪ್ರೊಟೆಕ್ಟ್ ಇಂಟರ್ನಲ್’ ಒತ್ತಿ ‘ನೋ’ ಕೊಡಿ. ‘ಫಂಕ್ಷನ್’ನಲ್ಲಿ 8ನೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ‘ಸಿಸ್ ಇನ್ಫೊ’ ಬಂದಾಗ ‘ಯೆಸ್’ ಕೊಡಿ. ಕಂಪ್ಯೂಟರಿನಿಂದ ಮಿಡಿ (ವಾದ್ಯಗಳ ನಡುವೆ ಮಾಹಿತಿ ಸಾಗಿಸುವ) ಕೇಬಲ್ ಮೂಲಕ 32 ದನಿಗಳ ಕಡತ ಕಳಿಸಿ. ಕಡತದ ಗಾತ್ರ ಸರಿಯಾಗಿ 4,104 ಬೈಟ್ ಇರಬೇಕು. ದನಿಗಳು ಬರದಿದ್ದರೆ ಹೆಚ್ಚಾಗಿ ಮೇಲಿನ ಎರಡರಲ್ಲಿ ಒಂದನ್ನು ಮರೆತಿರುತ್ತೀರಿ.

61 ಕೀಲಿಗಳನ್ನೂ ಮೆಲ್ಲಗೊಮ್ಮೆ, ಜೋರಾಗೊಮ್ಮೆ ಒತ್ತಿ ನೋಡಿ. ಯಾವುದಾದರೂ ಕೀಲಿ ಹೇಗೆ ಒತ್ತಿದರೂ ಕಿರುಚಿದರೆ, ಇಲ್ಲವೇ ಮೂಕವಾದರೆ, ಅದರಡಿಯ ಸಂಪರ್ಕದಲ್ಲಿ ಕೊಳೆ ಕೂತಿದೆ ಎಂದರ್ಥ. ಶುಚಿ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಚಪ್ಪಟೆ ಗುಂಡಿಗಳನ್ನೂ ಒಂದೊಂದಾಗಿ ಒತ್ತಿ ನೋಡುವುದು ಒಳ್ಳೆಯದು, ಸವೆದವು ಎರಡು ಮೂರು ಸಲ ಒತ್ತಿದ ಮೇಲೆ ಏಳುತ್ತವೆ. ಹಿಂಬದಿಯ ಚೀಟಿಯಲ್ಲಿ ಎಷ್ಟು ವೋಲ್ಟ್ ಎಂದು ಓದದೆ ಪ್ಲಗ್ ಚುಚ್ಚಬೇಡಿ. ತೂಕ 14 ಕೆ.ಜಿ. ದಾಟುತ್ತದೆ, ಸಡಿಲ ಸ್ಟ್ಯಾಂಡ್ ತಡೆಯದು.

ಮನೆಗೆ ತಂದು ನುಡಿಸಿದವರ ಮೊದಲ ಮಾತು: ‘ಹಾಡಿನಲ್ಲಿ ಕೇಳಿದ ಹಾಗಿಲ್ಲವಲ್ಲ!’ ಇರುವುದೂ ಇಲ್ಲ. ಔಟ್‌ಪುಟ್ ಒಂದೇ, ಅದೂ ಮೊನೊ, ಅಂದರೆ ಎಡ-ಬಲ ಎಂಬ ಭೇದವಿಲ್ಲ. ಎಫೆಕ್ಟುಗಳು ಒಳಗಿಲ್ಲ. ಸ್ಟುಡಿಯೊದಲ್ಲಿ ಕೋರಸ್ (ದನಿಯನ್ನು ಹಲವಾಗಿಸಿ ದಪ್ಪಗೊಳಿಸುವುದು), ರಿವರ್ಬ್ (ಕೋಣೆಯ ಅನುರಣನದ ಅನುಕರಣೆ) ಸೇರಿಸಿಯೇ ಆ ಅಗಲ ಬಂದದ್ದು. ನಿಧಾನದ ಕೋರಸ್ಸನ್ನು ಮೂರನೇ ಒಂದರಷ್ಟು ಬೆರೆಸಿ, ಎರಡು ಸೆಕೆಂಡಿನ ಪ್ಲೇಟ್ ರಿವರ್ಬ್ ಕೊಟ್ಟರೆ ಹಾಡು ನೆನಪಾಗುತ್ತದೆ.

ಇಷ್ಟೆಲ್ಲ ರಗಳೆ ಬೇಡದವರು ಉಚಿತವಾಗಿ ಸಿಗುವ ಡೆಕ್ಸೆಡ್ ಎಂಬ ಪ್ಲಗಿನ್‌ನಿಂದ, ಅಂದರೆ ಕಂಪ್ಯೂಟರಿನಲ್ಲೇ ಡಿಎಕ್ಸ್7ರ ದನಿ ಹುಟ್ಟಿಸುವ ತಂತ್ರಾಂಶದಿಂದ ಶುರುಮಾಡಲಿ. ಅದು ಇದೇ ಕಡತಗಳನ್ನು ಓದುತ್ತದೆ. ಎಂಜಿನ್ ಆಯ್ಕೆಯಲ್ಲಿ ‘ಮಾರ್ಕ್ 1’ ಇಟ್ಟರೆ ಹಳೆಯ ಯಂತ್ರದ ಒರಟುತನವೂ ಸ್ವಲ್ಪ ಸೇರಿಕೊಳ್ಳುತ್ತದೆ. ಬೆರಳಿಗೆ ಓಗೊಡುವ ಕೀಬೋರ್ಡ್ ಮಾತ್ರ ಬೇಕೇ ಬೇಕು. ಮೌಸ್ ಕ್ಲಿಕ್ಕಿಸಿ ಕೇಳಿದರೆ ಅದು ನಿಜಕ್ಕೂ ಪ್ಲಾಸ್ಟಿಕ್ಕೇ.